ಬೇಗ ಮುಗಿಸಿದ ಮಕ್ಕಳು

ಆಷಾಢದ ಗಾಳಿ ಬೀಸುತ್ತಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಇಂಥದೇ ಹಳ್ಳಿಯ ಶಾಲೆ ಎಂದು ಗುರುತಿಟ್ಟು ಹೇಳಬೇಕಾಗಿಲ್ಲ; ಈ ಸೀಮೆಯ ಹತ್ತಾರು ಶಾಲೆಗಳದು ಇದೇ ಚಹರೆ. ರಸ್ತೆಗೆ ಮುಖ ಮಾಡಿದ ಮಂಗಳೂರು ಹೆಂಚಿನ ಹಳೆಯ ಕಟ್ಟಡ, ಅದರ ಮಗ್ಗುಲಿಗೆ ಆಮೇಲೆ ಎಬ್ಬಿಸಿದ ಎರಡು ಆರ್‌ಸಿಸಿ ಕೊಠಡಿ, ನಡುವೆ ಧ್ವಜದ ಕಟ್ಟೆ. ಕಾಂಪೌಂಡಿನಾಚೆ ಒಂದು ಕಡೆ ಹತ್ತಿ, ಇನ್ನೊಂದು ಕಡೆ ಹೊಗೆಸೊಪ್ಪು, ಅದರ ಹಿಂದೆ ಸೊಪ್ಪು ಒಣಗಿಸುವ ಬ್ಯಾರನ್ನಿನ ಎತ್ತರದ ಗೋಡೆ. ನಾಡಗೀತೆ ಮುಗಿದಿದೆ. ಕ್ಷೀರಭಾಗ್ಯದ ಹಾಲು ಕುಡಿದ ಲೋಟಗಳನ್ನು ಮಕ್ಕಳೇ ನಲ್ಲಿಯಲ್ಲಿ ತೊಳೆದು ಬೋರಲು ಹಾಕಿದ್ದಾರೆ. ಅಡುಗೆ ಕೋಣೆಯಿಂದ ಬೇಳೆ ಬೇಯುವ ವಾಸನೆ ಆಗಲೇ ಅಂಗಳಕ್ಕೆ ಇಳಿದಿದೆ.

ಹೆಂಚಿನ ಕಟ್ಟಡದ ನಡುಕೋಣೆಯಲ್ಲಿ ನಾಲ್ಕನೇ ತರಗತಿ, ಐದನೇ ತರಗತಿ ಒಟ್ಟಿಗೆ ಕುಳಿತಿವೆ. ಮೇಷ್ಟ್ರು ಕರಿಹಲಗೆಯ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದಾರೆ. ಎಡಕ್ಕೆ ನಾಲ್ಕರವರು ನೋಡಿ ಬರೆಯಬೇಕಾದ ಐದು ವಾಕ್ಯ. ಬಲಕ್ಕೆ ಐದರವರ ಕಳೆಯುವ ಲೆಕ್ಕ: 4003ರಲ್ಲಿ 1786 ಹೋದರೆ ಎಷ್ಟು? ಮೂರರಲ್ಲಿ ಆರು ಹೋಗುವುದಿಲ್ಲ. ಪಕ್ಕಕ್ಕೆ ಹೋದರೆ ಸೊನ್ನೆ, ಅದರಾಚೆಗೂ ಸೊನ್ನೆ. ಸಾವಿರದ ಮನೆಗೆ ಹೋಗಿ ಒಂದನ್ನು ತರಬೇಕು, ನೂರರ ಮನೆಯಲ್ಲಿ ಮುರಿಯಬೇಕು, ಹತ್ತರ ಮನೆಯಲ್ಲಿ ಮತ್ತೊಮ್ಮೆ ಮುರಿಯಬೇಕು, ಕೊನೆಗೆ ಬಿಡಿಯ ಮನೆಗೆ ಮುಟ್ಟಿಸಬೇಕು. ನಿನ್ನೆ ಹೇಳಿದ್ದನ್ನೇ ಮೇಷ್ಟ್ರು ಇವತ್ತೂ ತಾಳ್ಮೆಯಿಂದ ಹೇಳುತ್ತಿದ್ದಾರೆ. ಹೇಳಲೇಬೇಕು, ಕೋಣೆಯಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಆ ಎರಡು ಸೊನ್ನೆಗಳು ಇನ್ನೂ ದಾಟಲಾಗದ ಹೊಳೆ.

ಕಿಟಕಿ ಪಕ್ಕದ ಹುಡುಗ ಮಾತ್ರ ಅಲ್ಲಿಲ್ಲ. ಮೈ ಅಲ್ಲಿದೆ, ಕತ್ತು ಮೇಲಕ್ಕೆ ತಿರುಗಿದೆ, ತುಟಿ ಸಣ್ಣಗೆ ಅಲುಗುತ್ತಿದೆ. ಮಾಡಿನ ಹೆಂಚುಗಳನ್ನು ಎಣಿಸುತ್ತಿದ್ದಾನೆ. ಒಂದು ಸಾಲಿನಲ್ಲಿ ಎಷ್ಟು, ಎಷ್ಟು ಸಾಲು, ಬೆಳಕಿಗೆಂದು ಕೂರಿಸಿದ ಗಾಜಿನ ಹೆಂಚು ಕಳೆದರೆ ಉಳಿದದ್ದೆಷ್ಟು. ಬೆರಳು ಪೆನ್ಸಿಲನ್ನು ತಿರುಗಿಸುತ್ತಿದೆ, ಕಾಲು ಮುಂದಿನ ಡೆಸ್ಕಿನ ಪಟ್ಟಿಗೆ ಟಕಟಕ ಬಡಿಯುತ್ತಿದೆ. ಮುಂದೆ ಕುಳಿತವನು ತಿರುಗಿ ಗುರಾಯಿಸುತ್ತಾನೆ. ಸದ್ದು ಮೇಷ್ಟ್ರ ಕಿವಿಗೂ ಬೀಳುತ್ತದೆ.

"ಲೋ, ಎಲ್ಲಿ ನೋಡ್ತಿದೀಯೋ? ಬೋರ್ಡ್ ಮೇಲೆ ಏನಿದೆ ಹೇಳು."

"ಎರಡು ಸಾವ್ರದ ಇನ್ನೂರ ಹದಿನೇಳು ಸಾ."

"ಉತ್ತರ ಕೇಳಿದ್ನಾ ನಾನು? ಎಲ್ಲಿಂದ ಎಷ್ಟು ತಗೊಂಡೆ, ಅದನ್ನ ಹೇಳು."

ಹುಡುಗ ಸುಮ್ಮನೆ ನಿಲ್ಲುತ್ತಾನೆ. ಅವನು ಎಲ್ಲಿಂದಲೂ ಏನನ್ನೂ ತೆಗೆದುಕೊಂಡಿರಲಿಲ್ಲ. ಎರಡೂ ಸಂಖ್ಯೆಯಿಂದ ನಾಲ್ಕು ನಾಲ್ಕು ತೆಗೆದುಹಾಕಿದ್ದ. 4003 ಅನ್ನುವುದು 3999 ಆಯಿತು, 1786 ಅನ್ನುವುದು 1782 ಆಯಿತು. ನಡುವಿನ ಅಂತರ ಬದಲಾಗಲಿಲ್ಲ, ಸೊನ್ನೆಗಳು ಮಾಯವಾದವು, ಯಾವ ಮನೆಯಿಂದಲೂ ತರುವ ಕೆಲಸ ಬೀಳಲಿಲ್ಲ. ಹತ್ತು ವರ್ಷದ ಮಗು ತಾನಾಗಿ ಹುಡುಕಿಕೊಂಡ ದಾರಿ ಅದು. ಗಣಿತ ಬಲ್ಲ ಯಾರೇ ಕಂಡರೂ ಬೆನ್ನು ತಟ್ಟುವಂಥದು. ಆದರೆ ಅದನ್ನು ಮಾತಿನಲ್ಲಿ ಹೇಳಲು ಅವನಿಗೆ ಗೊತ್ತಿಲ್ಲ. "ನೋಡ್ಕೊಂಡು ಬರ್ದಿರ್ತೀಯ, ಕೂತ್ಕೊ. ಗಮನ ಇಲ್ಲಿರಲಿ" ಎಂಬ ಮಾತು ಕೇಳಿಸಿಕೊಂಡು ಕೂರುತ್ತಾನೆ. ಪುಸ್ತಕದಲ್ಲಿ ಹಂತ ಬರೆದಿಲ್ಲವಾದ್ದರಿಂದ ಸರಿ ಉತ್ತರದ ಮೇಲೂ ಕೆಂಪು ಗೆರೆ ಬೀಳುತ್ತದೆ. ಅವನ ಕಣ್ಣು ಮತ್ತೆ ಹೆಂಚಿಗೆ ಹೋಗುತ್ತದೆ.

ಇದೇ ಕೋಣೆಯ ಗೋಡೆ ಬದಿಯಲ್ಲಿ, ನಾಲ್ಕನೇ ತರಗತಿಯ ಸಾಲಿನಲ್ಲಿ, ಎರಡು ಜಡೆಯ ಹುಡುಗಿ ಇದ್ದಾಳೆ. ಎಡಭಾಗದ ಐದು ವಾಕ್ಯವನ್ನು ಅವಳು ಬರೆದು ಮುಗಿಸಿ ಎಷ್ಟೋ ಹೊತ್ತಾಯಿತು. ಅಕ್ಷರ ದುಂಡಗಿವೆ, ಒಂದು ಒತ್ತಕ್ಷರವೂ ತಪ್ಪಿಲ್ಲ. ಪುಸ್ತಕ ಮುಚ್ಚಿ, ಕೈಕಟ್ಟಿ, ನೇರ ಕುಳಿತಿದ್ದಾಳೆ. ಕಾಲು ಬಡಿಯುವುದಿಲ್ಲ, ಯಾರನ್ನೂ ಚಿವುಟುವುದಿಲ್ಲ, ಏನನ್ನೂ ಕೇಳುವುದಿಲ್ಲ. ಕನ್ನಡ ಪಠ್ಯಪುಸ್ತಕ ಕೈಗೆ ಬಂದ ವಾರದಲ್ಲೇ ಕೊನೆಯ ಪುಟದವರೆಗೆ ಓದಿ ಮುಗಿಸಿದ್ದಳು. ಈಗ ಮಾರ್ಚ್‌ವರೆಗೆ ಅದೇ ಪಾಠಗಳನ್ನು ಒಂದೊಂದಾಗಿ ಕೇಳಬೇಕು. ಅವಳ ಬಗ್ಗೆ ಯಾವ ದೂರೂ ಇಲ್ಲ. ಪ್ರಗತಿ ಪತ್ರದಲ್ಲಿ ಎ ಪ್ಲಸ್ ಬರುತ್ತದೆ. ಹಾಗಾಗಿ ಅವಳ ಕಡೆ ಯಾರೂ ಎರಡನೇ ಸಲ ನೋಡುವುದಿಲ್ಲ.

ಅಂಗಳ ದಾಟಿ ಆರ್‌ಸಿಸಿ ಕೊಠಡಿಗೆ ಕಾಲಿಟ್ಟರೆ ಬೇರೆಯೇ ಲೋಕ. ಒಂದರಿಂದ ಮೂರನೇ ತರಗತಿಯ ಮಕ್ಕಳು ಬೆರೆತು ಕುಳಿತ ನಲಿ-ಕಲಿ ಕೋಣೆ ಅದು. ಗಿಡ್ಡ ದುಂಡುಮೇಜುಗಳ ಸುತ್ತ ಐದಾರು ಮಕ್ಕಳಂತೆ ಗುಂಪು. ತಲೆಯ ಮೇಲೆ ದಾರಕ್ಕೆ ನೇತುಬಿಟ್ಟ ಚಿತ್ರಗಳ ಚಪ್ಪರ. ಗೋಡೆಯ ಮೇಲೆ ಕಲಿಕಾ ಏಣಿ. ಒಂದು ಮಗು ಏಣಿಯ ಮುಂದೆ ನಿಂತು ಬೆರಳಿಟ್ಟು ತನ್ನ ಮೆಟ್ಟಿಲು ಹುಡುಕುತ್ತದೆ, ಅದಕ್ಕೆ ಹೊಂದುವ ಕಾರ್ಡು ತೆಗೆದುಕೊಳ್ಳುತ್ತದೆ, ತನ್ನ ತಟ್ಟೆಗೆ, ಅಂದರೆ ತನ್ನ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕಿಯೇ ಜೊತೆಗಿದ್ದು ಕಲಿಸಬೇಕು, ಇನ್ನೊಂದರಲ್ಲಿ ಗೆಳೆಯರು ನೆರವಾಗುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಇವತ್ತು ರಜೆ ಹಾಕಿದ ಮಗು ನಾಳೆ ಬಂದು ನಿಂತ ಮೆಟ್ಟಿಲಿನಿಂದಲೇ ಹತ್ತುತ್ತದೆ. ಬೇಗ ಹತ್ತುವ ಮಗುವನ್ನು ಯಾರೂ ಜಗ್ಗಿ ನಿಲ್ಲಿಸುವುದಿಲ್ಲ.

ನಲಿ-ಕಲಿ ಹುಟ್ಟಿದ್ದು ಇದೇ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಇಲ್ಲಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಸುತ್ತಲಿನ ಹಳ್ಳಿಶಾಲೆಗಳನ್ನು ಕಂಡುಬಂದು, ಯುನಿಸೆಫ್ ನೆರವಿನಲ್ಲಿ ತಮ್ಮ ಕಾರ್ಡುಗಳನ್ನು ತಾವೇ ಬರೆದು, ಏಣಿಯನ್ನು ತಾವೇ ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಶಾಲೆಗಳಿಗೆ ಹಬ್ಬಿತು. ಹಿಂದುಳಿದ ಮಗುವಿಗೆ ಅವಮಾನವಾಗದಂತೆ, ಮುಂದಿರುವ ಮಗುವಿಗೆ ಬೇಸರವಾಗದಂತೆ ಒಂದೇ ಕೋಣೆಯಲ್ಲಿ ಪಾಠ ನಡೆಸಬಹುದೆಂದು ನಮ್ಮ ಹಳ್ಳಿಯ ಮೇಷ್ಟ್ರುಗಳೇ ಮಾಡಿ ತೋರಿಸಿದ ಕೆಲಸ ಅದು.

ಎರಡು ಜಡೆಯ ಹುಡುಗಿ ಹೋದ ವರ್ಷ ಆ ಕೋಣೆಯಲ್ಲಿದ್ದಳು. ಡಿಸೆಂಬರಿಗೇ ಏಣಿಯ ತುದಿ ಮುಟ್ಟಿ, ಉಳಿದ ದಿನಗಳಲ್ಲಿ ಚಿಕ್ಕವರ ತಟ್ಟೆಗೆ ಹೋಗಿ ಕೂತು ಅವರಿಗೆ ಹೇಳಿಕೊಡುತ್ತಿದ್ದಳು. ಆಗ ಅವಳ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಜೂನ್ ಬಂತು, ಅಂಗಳ ದಾಟಿ ನಾಲ್ಕನೇ ತರಗತಿಗೆ ಬಂದಳು. ಇಲ್ಲಿ ಏಣಿ ಇಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ, ಒಂದೇ ಹೊತ್ತು. ಮೂರನೇ ತರಗತಿಯವರೆಗೆ ಪ್ರತಿ ಮಗುವಿಗೂ ತನ್ನದೇ ವೇಗವಿದೆ ಎಂದು ಒಪ್ಪಿದ ವ್ಯವಸ್ಥೆ ನಾಲ್ಕಕ್ಕೆ ಬರುವಷ್ಟರಲ್ಲಿ ಆ ಮಾತನ್ನು ಮರೆತುಬಿಡುತ್ತದೆ.

ಮೇಷ್ಟ್ರ ಮೇಲೆ ಗೂಬೆ ಕೂರಿಸುವುದು ಸುಲಭ, ನ್ಯಾಯವಲ್ಲ. ಅವರಿಗೆ ಎರಡು ತರಗತಿ, ಎಲ್ಲ ವಿಷಯ. ಬಿಸಿಯೂಟದ ಲೆಕ್ಕ ಬರೆಯಬೇಕು, ಮೊಟ್ಟೆಯ ಲೆಕ್ಕ ಬರೆಯಬೇಕು, ಮೊಬೈಲಿನಲ್ಲಿ ಹಾಜರಾತಿ ಏರಿಸಬೇಕು, ಕ್ಲಸ್ಟರ್ ಸಭೆಗೆ ಹೋಗಬೇಕು. ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂದು ಮಕ್ಕಳ ಕಲಿಕೆಯ ಮಟ್ಟ ಅಳೆಯುವ ಅಸರ್ ವರದಿಗಳು ಮತ್ತೆ ಮತ್ತೆ ಹೇಳುತ್ತಿವೆ. ಅಂಥ ಮಕ್ಕಳು ಕಣ್ಣೆದುರು ಕೂತಿರುವಾಗ ಮೇಷ್ಟ್ರ ಜೀವ ಅವರ ಕಡೆಗೇ ತುಡಿಯುತ್ತದೆ, ತುಡಿಯಬೇಕು. 'ಬರುವವನಿಗೆ ಬರುತ್ತದೆ ಬಿಡಿ, ಅವನು ಹೇಗೂ ಕಲೀತಾನೆ' ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ. ಮಾತಿನಲ್ಲಿ ದುರುದ್ದೇಶವಿಲ್ಲ. ಆದರೆ ಅದು ನಿಜವೂ ಅಲ್ಲ.

ಏಕೆ ನಿಜವಲ್ಲ ಎಂಬುದನ್ನು ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಲೀಟಾ ಹಾಲಿಂಗ್‌ವರ್ತ್ ದಶಕಗಳ ಕಾಲ ಮಕ್ಕಳ ಜೊತೆಗಿದ್ದು ನೋಡಿದರು. ಬುದ್ಧ್ಯಂಕ 140ರ ಸುಮಾರಿಗಿರುವ ಮಗು ಸಾಮಾನ್ಯ ತರಗತಿಯಲ್ಲಿ ತನ್ನ ಅರ್ಧ ಹೊತ್ತನ್ನು ಸುಮ್ಮನೆ ಕಳೆಯುತ್ತದೆ, 170ನ್ನು ದಾಟಿದ ಮಗು ಬಹುಪಾಲು ಎಲ್ಲ ಹೊತ್ತನ್ನೂ ಕಳೆಯುತ್ತದೆ ಎಂಬುದು ಅವರ ಅಂದಾಜು. 1939ರಲ್ಲಿ ಅವರು ತೀರಿಕೊಂಡರು. ಅಪರೂಪದ ಬುದ್ಧಿಯ ಮಕ್ಕಳನ್ನು ಕುರಿತ ಅವರ ಪುಸ್ತಕ 1942ರಲ್ಲಿ ಹೊರಬಂತು. ಕಳೆದ ಹೊತ್ತಿಗಿಂತ ಹೆಚ್ಚು ಕಾಡಬೇಕಾದದ್ದು ಆ ಹೊತ್ತಿನಲ್ಲಿ ಮಗು ಕಲಿತುಬಿಡುವ ಪಾಠ. ಕಷ್ಟಪಡದೆ ಎಲ್ಲವೂ ಬರುತ್ತದೆ ಎಂಬ ಪಾಠ ಅದು. ನಾಲ್ಕು, ಐದು, ಆರನೇ ತರಗತಿಗಳಲ್ಲಿ ಒಮ್ಮೆಯೂ ತಲೆ ಕೆರೆದುಕೊಳ್ಳದ ಹುಡುಗಿ ಎಂಟನೇ ತರಗತಿಯಲ್ಲಿ ಬೀಜಗಣಿತದ ಒಂದು ಲೆಕ್ಕ ಬಗ್ಗದೇ ಇದ್ದಾಗ ತಬ್ಬಿಬ್ಬಾಗುತ್ತಾಳೆ. ಸೋತು ಮತ್ತೆ ಹಿಡಿಯುವ ಅಭ್ಯಾಸ ಅವಳಿಗೆ ಯಾರೂ ಮಾಡಿಸಿಲ್ಲ. 'ನಾನು ಅಂದುಕೊಂಡಷ್ಟು ಜಾಣೆಯಲ್ಲ' ಎಂದು ತೀರ್ಮಾನಿಸಿ ಹಿಂದಕ್ಕೆ ಸರಿಯುತ್ತಾಳೆ. ಹಳ್ಳಿಯಲ್ಲಿ ಹಾಗೆ ಸರಿದ ಹುಡುಗಿಗೆ ಮದುವೆಯ ಮಾತು ಹತ್ತಿರದಲ್ಲೇ ಕಾದಿರುತ್ತದೆ.

ಬೇಸರಕ್ಕೂ ಒಂದು ಲೆಕ್ಕಾಚಾರವಿದೆ. ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯಿ 1975ರ ತಮ್ಮ ಪುಸ್ತಕದಲ್ಲಿ ಅದನ್ನು ಸರಳವಾಗಿ ಮುಂದಿಟ್ಟರು. ಕೆಲಸ ಶಕ್ತಿಯನ್ನು ಮೀರಿದರೆ ಆತಂಕ, ಶಕ್ತಿ ಕೆಲಸವನ್ನು ಮೀರಿದರೆ ಬೇಸರ, ಎರಡೂ ಸರಿತೂಗಿದಾಗ ತಲ್ಲೀನತೆ. ನಡುಕೋಣೆಯಲ್ಲಿ ಈ ಮೊದಲ ಎರಡೂ ಅಕ್ಕಪಕ್ಕದಲ್ಲೇ ಕುಳಿತಿವೆ. ಸೊನ್ನೆ ದಾಟಲಾಗದೆ ಬೆವರುತ್ತಿರುವ ಮಗುವಿಗೆ ಲೆಕ್ಕ ದೊಡ್ಡದಾಯಿತು, ಹೆಂಚು ಎಣಿಸುವ ಹುಡುಗನಿಗೆ ಚಿಕ್ಕದಾಯಿತು. ಇಬ್ಬರ ಗಮನವೂ ತಪ್ಪಿದ್ದು ಒಂದೇ ಕಾರಣಕ್ಕೆ: ಲೆಕ್ಕ ಅವರ ಅಳತೆಯದಲ್ಲ.

ಮಧ್ಯಾಹ್ನದ ಗಂಟೆ. ಅನ್ನ, ಸಾಂಬಾರು, ಮೊಟ್ಟೆ. ಉಂಡು ತಟ್ಟೆ ತೊಳೆದ ಹುಡುಗರು ಕಬಡ್ಡಿಗೆ ಓಡಿದರೆ ಕಿಟಕಿಯ ಹುಡುಗ ಜಗಲಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಚಡ್ಡಿ ಜೇಬಿನಿಂದ ಹುಣಸೆ ಬೀಜ ಸುರಿಯುತ್ತಾನೆ. ಒಂದು ಬೀಜ ಇಡುತ್ತಾನೆ. ಅದರ ಪಕ್ಕಕ್ಕೆ, ಕೆಳಕ್ಕೆ, ಮೂಲೆಗೆ ಮೂರು ಬೀಜ ಸೇರಿಸುತ್ತಾನೆ, ಎರಡೆರಡರ ಚೌಕ. ಅದರ ಎರಡು ಮಗ್ಗುಲಿಗೆ ಐದು ಬೀಜ. ಮೂರು ಮೂರರ ಚೌಕ. ಆಮೇಲೆ ಏಳು, ಆಮೇಲೆ ಒಂಬತ್ತು. ಬೆಸ ಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡುತ್ತ ಹೋದರೆ ಪ್ರತಿ ಸಲವೂ ಚೌಕವೇ ಬರುತ್ತದೆ ಎಂದು ಅವನಿಗೆ ಗೊತ್ತಾಗಿದೆ. ಯಾರೂ ಹೇಳಿಕೊಟ್ಟಿಲ್ಲ. ಎಷ್ಟು ದೊಡ್ಡ ಚೌಕದವರೆಗೂ ಹೀಗೇ ಆಗುತ್ತದೆಯೋ ನೋಡಬೇಕೆಂದು ಇಡುತ್ತಲೇ ಇದ್ದಾನೆ. ಬೆಳಗ್ಗೆ ಐದು ನಿಮಿಷ ನೆಟ್ಟಗೆ ಕೂರದ ಮೈ ಈಗ ಅಲುಗುತ್ತಿಲ್ಲ. ಕಬಡ್ಡಿಯ ಕೂಗು, ನಲ್ಲಿಯ ಜಗಳ ಯಾವುದೂ ಕಿವಿಗೆ ಬೀಳುತ್ತಿಲ್ಲ.

ಕೈತೊಳೆಯಲು ಬಂದ ಮೇಷ್ಟ್ರು ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಬಗ್ಗಿ ನೋಡುತ್ತಾರೆ.

"ಇದೇನೋ ಇದು?"

"ಚೌಕ ಸಾ. ಬೆಸ ಹಾಕಿದ್ರೆ ಚೌಕ ಬತ್ತದೆ."

"ಸಮಸಂಖ್ಯೆ ಹಾಕಿದ್ರೆ?"

ಹುಡುಗ ತಲೆ ಎತ್ತುತ್ತಾನೆ. ಅದು ಅವನಿಗೆ ಹೊಳೆದಿರಲಿಲ್ಲ. ಬೀಜ ಬಳಿದು ಮತ್ತೆ ಶುರು. ಎರಡು. ಅದಕ್ಕೆ ನಾಲ್ಕು ಸೇರಿದರೆ ಆರು. ಎರಡು ಸಾಲು, ಮೂರು ಮೂರು. ಅದಕ್ಕೆ ಆರು ಸೇರಿದರೆ ಹನ್ನೆರಡು. ಮೂರು ಸಾಲು, ನಾಲ್ಕು ನಾಲ್ಕು. ಮುಂದೆ ಇಪ್ಪತ್ತು. ಚೌಕ ಬರುತ್ತಿಲ್ಲ, ಚೌಕಕ್ಕೆ ಒಂದು ಸಾಲು ಜಾಸ್ತಿಯಾಗಿ ಬರುತ್ತಿದೆ. "ಯಾಕೆ ಸಾ?" ಎನ್ನುತ್ತಾನೆ. "ನೀನೇ ಹುಡುಕ್ಕೊಂಡು ಬಾ, ನಾಳೆ ಬೋರ್ಡ್ ಮೇಲೆ ಎಲ್ರಿಗೂ ತೋರ್ಸು" ಎನ್ನುತ್ತಾರೆ ಮೇಷ್ಟ್ರು.

ಅವರಿಗೆ ಇದಕ್ಕೆ ಹಿಡಿದದ್ದು ಒಂದು ನಿಮಿಷವೂ ಅಲ್ಲ. ಹೊಸ ಪುಸ್ತಕ ಬೇಕಾಗಲಿಲ್ಲ, ಅನುದಾನ ಬೇಕಾಗಲಿಲ್ಲ, ತರಬೇತಿಯ ಆದೇಶ ಬರಬೇಕಾಗಲಿಲ್ಲ. ಇಂಥ ಮಕ್ಕಳಿಗೆ ನಾವು ಸಾಮಾನ್ಯವಾಗಿ ಕೊಡುವ ಬಹುಮಾನ ನೆನಪಿಸಿಕೊಂಡರೆ ಇದರ ಬೆಲೆ ತಿಳಿಯುತ್ತದೆ. ಹತ್ತು ಲೆಕ್ಕ ಬೇಗ ಮುಗಿಸಿದವನಿಗೆ ಅಂಥವೇ ಇನ್ನೂ ಹತ್ತು ಲೆಕ್ಕ ಕೊಡುತ್ತೇವೆ. ಅದು ಮಗುವಿನ ಪಾಲಿಗೆ ಶಿಕ್ಷೆ. ಎರಡು ಸಲ ಹಾಗಾದರೆ ಮೂರನೇ ಸಲ ಮಗು ಬೇಕೆಂದೇ ನಿಧಾನ ಮಾಡುತ್ತದೆ. ಅದಕ್ಕೆ ಬೇಕಾದದ್ದು ಇನ್ನೊಂದಿಷ್ಟು ಲೆಕ್ಕವಲ್ಲ, ಇನ್ನೊಂದು ಬಗೆಯ ಲೆಕ್ಕ.

ಈ ಮಕ್ಕಳಿಗೆ ನಮ್ಮಲ್ಲಿ ಸಿಗುವ ಹೆಸರುಗಳು ತರಲೆ, ಅಧಿಕಪ್ರಸಂಗಿ, ಸೋಮಾರಿ, ಮಂಕು. ತಾಯಂದಿರ ಸಭೆಗೆ ಹೊಲದಿಂದ ನೇರ ಬಂದ ಅವ್ವನಿಗೆ ಮೇಷ್ಟ್ರು ಹೇಳುವ ಮಾತು ಒಂದೇ: "ಬುದ್ಧಿ ಇದೆಯಮ್ಮ, ಗಮನ ಇಲ್ಲ." ಅವ್ವನಿಗೆ ಅರ್ಥವಾಗುವುದಿಲ್ಲ. "ಮನೇಲಿ ಕೆಟ್ಟೋದ ಟಾರ್ಚು, ರೇಡಿಯೊ ಬಿಚ್ಕಂಡ್ ಕೂತ್ರೆ ಊಟುಕ್ ಕರುದ್ರೂ ಬರಾಕಿಲ್ಲ ಸಾ" ಎನ್ನುತ್ತಾಳೆ. ಆ ಮಾತಿನಲ್ಲಿ ಎಲ್ಲ ರೋಗನಿದಾನವೂ ಇದೆ. ಟಾರ್ಚಿನ ಮುಂದೆ ಎರಡು ಗಂಟೆ ಅಲುಗದೆ ಕೂರುವ ಮಗುವಿಗೆ ಗಮನದ ಕೊರತೆಯಿದೆ ಎಂದು ಅವಸರದಲ್ಲಿ ಹೇಳಬಾರದು.

ಬೆಂಗಳೂರಿನ ಕಾನ್ವೆಂಟಿನಲ್ಲಿ ಇದೇ ಹುಡುಗ ಇದ್ದಿದ್ದರೆ ಬೈಗುಳದ ಜಾಗದಲ್ಲಿ ಒಂದು ಚೀಟಿ ಬರುತ್ತಿತ್ತು: 'ಕೂತಲ್ಲಿ ಕೂರುವುದಿಲ್ಲ, ಎಡಿಎಚ್‌ಡಿ ಇರಬಹುದು, ತೋರಿಸಿ.' ಎಡಿಎಚ್‌ಡಿ ನಿಜವಾದ ತೊಂದರೆ, ಅದಕ್ಕೆ ನೆರವು ಬೇಕು, ನಾಚಿಕೆ ಬೇಡ. ಆದರೆ ಆ ಹೆಸರಿಡಲು ವೈದ್ಯರಿಗೆ ನಿಯಮಗಳಿವೆ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ಕಂಡಿರಬೇಕು, ಶಾಲೆಯೊಂದರಲ್ಲೇ ಅಲ್ಲದೆ ಮನೆ, ಆಟ ಹೀಗೆ ಎರಡು ಕಡೆಯಾದರೂ ಕಾಣಬೇಕು. ಗಣಿತದ ಪೀರಿಯಡ್ಡಿನಲ್ಲಿ ಮಾತ್ರ ಚಡಪಡಿಸಿ, ಕಷ್ಟದ ಲೆಕ್ಕ ಕೊಟ್ಟೊಡನೆ ತಣ್ಣಗಾಗುವ ಮಗುವಿನ ಕಥೆ ಬೇರೆ. ಎರಡೂ ಒಂದೇ ಮಗುವಿನಲ್ಲಿ ಇರುವುದೂ ಉಂಟು: ಬುದ್ಧಿಯೂ ಹರಿತ, ಗಮನದ ತೊಂದರೆಯೂ ನಿಜ. ಹಾಗಾಗಿ ಚೀಟಿ ಬರೆಯುವ ಮುಂಚೆ ಒಂದು ಕೆಲಸ ಮಾಡಿ ನೋಡಬೇಕು. ಮಗುವಿನ ಮುಂದೆ ಅದರ ಅಳತೆಯ ಕೆಲಸ ಇಟ್ಟು, ಏನಾಗುತ್ತದೆಂದು ಗಮನಿಸಬೇಕು.

ಪರೀಕ್ಷೆಯೊಂದರಿಂದಲೇ ಪ್ರತಿಭೆಯ ಮಕ್ಕಳನ್ನು ಹೆಕ್ಕಿ ತೆಗೆಯುತ್ತೇವೆಂಬ ನಂಬಿಕೆಯೂ ಗಟ್ಟಿಯಲ್ಲ. ಅಮೆರಿಕದ ಲೂಯಿಸ್ ಟರ್ಮನ್ 1921ರಲ್ಲಿ ಬುದ್ಧಿಪರೀಕ್ಷೆ ನಡೆಸಿ ಕ್ಯಾಲಿಫೋರ್ನಿಯಾದ ಸುಮಾರು 1500 ಮಕ್ಕಳನ್ನು ಆರಿಸಿ ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದರು. ಪರೀಕ್ಷೆಗೆ ಕೂತು ಆಯ್ಕೆಯಾಗದೆ ಹೋದ ಇಬ್ಬರು ಹುಡುಗರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅಂಕಪಟ್ಟಿ ಕಾಣದ್ದನ್ನು ಜಗಲಿಯಲ್ಲಿ ಬಗ್ಗಿ ನೋಡಿದ ಕಣ್ಣು ಕಾಣುತ್ತದೆ.

ಗಣಿತಜ್ಞ ಗಾಸ್‌ನ ಕಥೆ ನಮ್ಮ ಮೇಷ್ಟ್ರುಗಳಿಗೆಲ್ಲ ಗೊತ್ತು. ಜರ್ಮನಿಯ ಬ್ರನ್ಸ್‌ವಿಕ್ ಊರಿನ ಬಡವರ ಶಾಲೆ, ಬೆತ್ತ ಹಿಡಿದ ಬ್ಯೂಟ್ನರ್ ಮೇಷ್ಟ್ರು, ಒಂದರಿಂದ 100ರವರೆಗೆ ಕೂಡಿ ಎಂಬ ಲೆಕ್ಕ, ಚಿಕ್ಕ ಹುಡುಗ ಕ್ಷಣದಲ್ಲಿ ಸ್ಲೇಟು ಇಟ್ಟು 5050 ಎಂದದ್ದು. ಕಥೆ ಅಲ್ಲಿಗೇ ನಿಲ್ಲುತ್ತದೆ, ಹುಡುಗನ ಜಾಣತನಕ್ಕೆ ನಾವು ತಲೆದೂಗುತ್ತೇವೆ. ಮುಂದಿನದು ಇನ್ನೂ ದೊಡ್ಡದು. ಬ್ಯೂಟ್ನರ್ ಹ್ಯಾಂಬರ್ಗಿನಿಂದ ಹೆಚ್ಚಿನ ಮಟ್ಟದ ಅಂಕಗಣಿತದ ಪುಸ್ತಕ ತರಿಸಿ ಆ ಹುಡುಗನ ಕೈಗಿಟ್ಟರೆಂದು ಚರಿತ್ರಕಾರರು ಬರೆಯುತ್ತಾರೆ. ಶಾಲೆಯಲ್ಲಿ ಸಹಾಯಕನಾಗಿದ್ದ, ಗಾಸ್‌ಗಿಂತ ಎಂಟು ವರ್ಷ ದೊಡ್ಡವನಾದ ಮಾರ್ಟಿನ್ ಬಾರ್ಟೆಲ್ಸ್ ಜೊತೆಗೆ ಕೂತು ಓದಿದ. ನೂರು ಮಕ್ಕಳ ತರಗತಿಯನ್ನು ಬೆತ್ತದಿಂದ ಆಳುತ್ತಿದ್ದ ಮೇಷ್ಟ್ರು ಒಬ್ಬ ಹುಡುಗನಿಗೆ ತಾನು ಕಲಿಸುವುದು ಸಾಲದು ಎಂದು ಒಪ್ಪಿಕೊಂಡರು. ಅದು ಆಗದಿದ್ದರೆ 5050 ಎಂಬ ಉತ್ತರ ಸ್ಲೇಟಿನಲ್ಲೇ ಅಳಿಸಿಹೋಗುತ್ತಿತ್ತು.

ಕಾವೇರಿ ದಂಡೆಯ ಕುಂಭಕೋಣದಲ್ಲೂ ಹೀಗೇ ಒಂದು ಪುಸ್ತಕ ಕೆಲಸ ಮಾಡಿತು. 1903ರ ಸುಮಾರಿಗೆ ಕಾಲೇಜು ಗ್ರಂಥಾಲಯದಿಂದ ತಂದ ಜಿ. ಎಸ್. ಕಾರ್ ಅವರ ಗಣಿತಸಂಗ್ರಹ ಹೈಸ್ಕೂಲು ಹುಡುಗ ರಾಮಾನುಜನ್ ಕೈಗೆ ಬಂತು. ಸುಮಾರು 5000 ಫಲಿತಗಳು, ಹೆಚ್ಚಿನವಕ್ಕೆ ಸಾಧನೆಯೇ ಇಲ್ಲ. ಬೇರೆಯವರಿಗೆ ಒಣ ಪುಸ್ತಕ. ಅವರಿಗೆ ಅದು ಮೊತ್ತಮೊದಲ ಸರಿಸಮ ಸವಾಲು. ಅದೇ ರಾಮಾನುಜನ್ 1904ರಲ್ಲಿ ಕಾಲೇಜು ಸೇರಿ, ಗಣಿತ ಬಿಟ್ಟು ಬೇರಾವುದಕ್ಕೂ ಗಮನ ಕೊಡದೆ ವಿದ್ಯಾರ್ಥಿವೇತನ ಕಳೆದುಕೊಂಡರು, ಎಫ್‌ಎ ಪರೀಕ್ಷೆಯಲ್ಲಿ ಫೇಲಾದರು. 1913ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಪತ್ರ ಬರೆಯುವವರೆಗೆ ಕಳೆದ ವರ್ಷಗಳಲ್ಲಿ ಬಹುಪಾಲು ಹಸಿವಿನ ವರ್ಷಗಳು. ಅವರು ಮೂವತ್ತೆರಡಕ್ಕೇ ತೀರಿಕೊಂಡರು ಎಂಬುದನ್ನು ನೆನೆದರೆ ಆ ವರ್ಷಗಳ ನಷ್ಟ ಎಂಥದೆಂದು ತಿಳಿಯುತ್ತದೆ.

ನಮ್ಮ ಹಳ್ಳಿಶಾಲೆಯಲ್ಲೂ ಪುಸ್ತಕಗಳಿವೆ. ಹೆಡ್‌ಮೇಷ್ಟ್ರ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಮಕ್ಕಳ ಕಥೆ, ವಿಜ್ಞಾನಿಗಳ ಜೀವನಚರಿತ್ರೆ, ಹಕ್ಕಿಗಳ ಚಿತ್ರಪುಸ್ತಕ ಸಾಲಾಗಿ ನಿಂತಿವೆ. ಕೆಲವಕ್ಕೆ ಬೆನ್ನು ಇನ್ನೂ ಮಡಿಸಿಲ್ಲ. ಬೀಗದ ಕೈ ಮೇಜಿನ ಖಾನೆಯಲ್ಲಿದೆ. ಹರಿದರೆ, ಕಳೆದರೆ ಆಡಿಟ್‌ನಲ್ಲಿ ಉತ್ತರ ಕೊಡುವವರು ಯಾರೆಂಬ ಭಯ. ಬೀರುವಿನಿಂದ ಹದಿನೈದು ಹೆಜ್ಜೆ ದೂರದಲ್ಲಿ, ಬರೆದು ಮುಗಿಸಿದ ಹುಡುಗಿ ಕೈಕಟ್ಟಿ ಕುಳಿತಿದ್ದಾಳೆ.

ದಾರಿಗಳನ್ನು ಬೇರೆಯವರು ಆಗಲೇ ನಡೆದು ತೋರಿಸಿದ್ದಾರೆ. ಪುಣೆಯಲ್ಲಿ ಅಪ್ಪಾ ಪೆಂಡಸೆ 1962ರಲ್ಲಿ ಜ್ಞಾನಪ್ರಬೋಧಿನಿ ಕಟ್ಟಿದ್ದು ಪ್ರತಿಭೆಯ ಮಕ್ಕಳಿಗೆ ತಕ್ಕ ಶಿಕ್ಷಣ ಕೊಡಲೆಂದೇ. ಅಮೆರಿಕದ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಮುಂದಿರುವ ಹನ್ನೆರಡು, ಹದಿಮೂರು ವರ್ಷದ ಮಕ್ಕಳನ್ನು ಹುಡುಕಿ ವೇಗವಾಗಿ ಮುಂದೆ ಕಳಿಸುವ ಕೆಲಸಕ್ಕೆ ಕೈಹಾಕಿದರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ನಮ್ಮ ದೇಶದ ಪ್ರತಿಭಾವಂತ ಮಕ್ಕಳನ್ನು ಗುರುತಿಸಿ ಬೆಳೆಸುವ ಕಾರ್ಯಕ್ರಮವನ್ನೇ ನಡೆಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇಂಥ ಮಕ್ಕಳಿಗೆ ಪೂರಕ ಸಾಮಗ್ರಿ ಕೊಡಬೇಕು, ಶಾಲೆಯಿಂದ ಜಿಲ್ಲೆಯವರೆಗೆ ವಿಷಯವಾರು ಕೂಟಗಳನ್ನು ಕಟ್ಟಬೇಕು ಎನ್ನುತ್ತದೆ. ಇದೆಲ್ಲ ಒಳ್ಳೆಯದು. ಆದರೆ ಸಂಸ್ಥೆಗಳ ಕೈ ಎಷ್ಟು ಉದ್ದವಾದರೂ ಹೊಗೆಸೊಪ್ಪಿನ ಹೊಲದ ಪಕ್ಕದ ಜಗಲಿಗೆ ಮುಟ್ಟಲು ತಡವಾಗುತ್ತದೆ. ಅಲ್ಲಿಗೆ ಮೊದಲು ಮುಟ್ಟುವವರು ಮೇಷ್ಟ್ರು.

ಅವರಿಗೆ ಸಾಧ್ಯವಾಗುವ ಕೆಲಸಗಳು ಅವರ ಅಂಗಳದಲ್ಲೇ ಇವೆ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಯಿಂದ ಏಳಕ್ಕೆ ಒಂದೆರಡು ಬಾಗಿಲಿನ ದೂರ. ಗಣಿತದ ಒಂದು ಪೀರಿಯಡ್ಡಿಗೆ ಹುಡುಗನನ್ನು ಆ ಕೋಣೆಗೆ ಕಳಿಸಬಹುದು. ದಾಖಲಾತಿ ಬದಲಾಗಬೇಕಿಲ್ಲ, ವಯಸ್ಸಿನ ಗೆಳೆಯರು ತಪ್ಪುವುದಿಲ್ಲ. ಪಾಠದ ಆರಂಭದಲ್ಲೇ ಅಭ್ಯಾಸದ ಕೊನೆಯ, ಎಲ್ಲಕ್ಕಿಂತ ಕಠಿಣವಾದ ಐದು ಲೆಕ್ಕ ಕೊಟ್ಟು, ನಾಲ್ಕು ಸರಿ ಮಾಡಿದವರನ್ನು ಉಳಿದವುಗಳಿಂದ ಬಿಡುಗಡೆ ಮಾಡಬಹುದು. ಅವರ ಹೊತ್ತನ್ನು ಬೇರೆ ಪ್ರಶ್ನೆಗೆ, ಪುಸ್ತಕಕ್ಕೆ, ಊರಿನ ಕೆರೆಯ ಅಳತೆಗೆ, ಮಳೆಯ ಲೆಕ್ಕ ಇಡುವುದಕ್ಕೆ ಕೊಡಬಹುದು. ಬುದ್ಧಿಗೆ ಹೀಗೆ ಸವಾಲಿಡುವುದು ಈ ನೆಲಕ್ಕೆ ಹೊಸದೂ ಅಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹ ಹಣ್ಣು, ಹೂವು, ದುಂಬಿಗಳನ್ನು ಮುಂದಿಟ್ಟು ಓದುವವನ ತಲೆಗೆ ಕೆಲಸ ಕೊಡುವ ಸಮಸ್ಯೆಗಳಿಂದ ತುಂಬಿದೆ. ಆ ಕಾಲದ ಆಚಾರ್ಯನಿಗೂ ಬುದ್ಧಿಗೆ ಆಹಾರ ಬೇಕೆಂದು ಗೊತ್ತಿತ್ತು.

ಒಂದು ಎಚ್ಚರ ಮಾತ್ರ ಬೇಕು. ಬೇಗ ಮುಗಿಸಿದ ಮಗುವನ್ನು ದಿನವೂ ಚಿಕ್ಕ ಮೇಷ್ಟ್ರಾಗಿ ದುಡಿಸಿಕೊಳ್ಳಬಾರದು. ಹೇಳಿಕೊಡುವುದರಲ್ಲಿ ಕಲಿಕೆಯಿದೆ, ಅದೇ ಎಲ್ಲವೂ ಆಗಬಾರದು. ಅದಕ್ಕೂ ತನಗೆ ಬರದ್ದನ್ನು ಕಲಿಯುವ ಹಕ್ಕಿದೆ.

ಶಿಕ್ಷಣ ಇಲಾಖೆಗೆ ಒಂದು ಮಾತು: ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಕಟ್ಟಿದ ಏಣಿಯನ್ನು ಮೂರನೇ ತರಗತಿಯ ಬಾಗಿಲಲ್ಲೇ ಕಡಿದು ನಿಲ್ಲಿಸಬೇಡಿ. ಐದರವರೆಗೆ, ಏಳರವರೆಗೆ ಅದನ್ನು ಬೆಳೆಸುವುದು ಹೇಗೆಂದು ಅದೇ ಮೇಷ್ಟ್ರುಗಳನ್ನು ಕೂರಿಸಿಕೊಂಡು ಕೇಳಿ. ತಂದೆತಾಯಿಗಳಿಗೆ ಒಂದು ಮಾತು: ಮಗುವಿಗೆ ಶಾಲೆ ಬೇಸರ ಎಂದರೆ ಬೈಯುವ ಮುಂಚೆ, ಕೋಚಿಂಗಿಗೆ ಸೇರಿಸುವ ಮುಂಚೆ, ಯಾವ ಕೆಲಸದಲ್ಲಿ ಅದು ಮೈಮರೆಯುತ್ತದೆಂದು ನೋಡಿ, ಅದನ್ನು ಮೇಷ್ಟ್ರಿಗೆ ಹೇಳಿ. ಮೇಷ್ಟ್ರಿಗೆ, ಟೀಚರಿಗೆ ಒಂದು ಕೋರಿಕೆ: ನಾಳೆ ಲೆಕ್ಕ ಕೊಟ್ಟ ಮೇಲೆ ಮೊದಲು ಯಾರು ಮುಗಿಸುತ್ತಾರೆ, ಮುಗಿಸಿದ ಮೇಲೆ ಏನು ಮಾಡುತ್ತಾರೆ ಎಂದು ಒಂದು ವಾರ ಗಮನಿಸಿ. ಕಾಲು ಬಡಿಯುವವನನ್ನು ನೋಡಿ. ಕೈಕಟ್ಟಿ ಸುಮ್ಮನೆ ಕೂತವಳನ್ನು ಅವನಿಗಿಂತ ಮೊದಲು ನೋಡಿ. ಬೀರುವಿನ ಬೀಗ ತೆಗೆಯಿರಿ. ಹರಿದ ಪುಸ್ತಕಕ್ಕೆ ಆಡಿಟ್‌ನಲ್ಲಿ ಹೇಗೋ ಉತ್ತರ ಕೊಡಬಹುದು, ಓದದೆ ಉಳಿದ ಮಗುವಿಗೆ ಕೊಡಲು ನಮ್ಮ ಹತ್ತಿರ ಯಾವ ಉತ್ತರವೂ ಇಲ್ಲ.